ಅರವತ್ತಕ್ಕೆ ಅರಳು ಮರಳೇ?

ಅರವತ್ತಕ್ಕೆ ಅರಳು ಮರಳು ಎಂದು ಕನ್ನಡದಲ್ಲಿ ಹೇಳುತ್ತೇವೆ. ನಮ್ಮ ಮನೆಗಳ ಉರ್ದುವಿನಲ್ಲಿ ಅದೇ ಮಾತು ‘ಸಠಿಯಾ ಗಯೇ’ ಎಂದಾಗುತ್ತದೆ. ಸಾಠ್ ಎಂದರೆ ಅರವತ್ತು. ಬುದ್ಧಿ ಮಂಕಾಗುವುದಕ್ಕೆ ಎರಡು ಭಾಷೆಗಳೂ ಒಂದೇ ವಯಸ್ಸನ್ನು ಗೊತ್ತು ಮಾಡಿಬಿಟ್ಟಿವೆ! ಕುರ್‌ಆನಿನ ನಹ್ಲ್ ಮತ್ತು ಹಜ್ಜ್ ಅಧ್ಯಾಯಗಳಲ್ಲಿಯೂ ತಿಳಿದದ್ದೆಲ್ಲ ಅಳಿಸಿಹೋಗುವ ಮುಪ್ಪಿನ ಪ್ರಸ್ತಾಪವಿದೆ. ಅಂಥ ಮುಪ್ಪಿನಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆದರೆ ಅಲ್ಲಿ ಅರವತ್ತೆಂಬ ಲೆಕ್ಕವಿಲ್ಲ. ಮಾತು ಕೆಲವರ ಬಗ್ಗೆಯೇ ಹೊರತು ಎಲ್ಲರ ಬಗ್ಗೆ ಅಲ್ಲ.

ಮರೆವನ್ನು ವೈದ್ಯರ ಕೆಲಸವೆಂದು ಬಗೆದವರು ಹಿಂದೆಯೂ ಇದ್ದರು. ಈಗಿನ ಟುನೀಶಿಯಾದಲ್ಲಿರುವ ಕೈರವಾನ್ ನಗರದ ಇಬ್ನುಲ್ ಜಝ್ಝಾರ್ ಎಂಬ ವೈದ್ಯರು ಹತ್ತನೆಯ ಶತಮಾನದಲ್ಲಿ ಮರೆವು ಮತ್ತು ಅದರ ಚಿಕಿತ್ಸೆಯ ಕುರಿತೇ ಒಂದು ಪುಸ್ತಿಕೆ ಬರೆದರು. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ವೃದ್ಧರ ದಿನಚರಿಗೆ ಪ್ರತ್ಯೇಕ ಭಾಗವನ್ನೇ ಇಟ್ಟರು. ಶೀತ, ಉಷ್ಣಗಳ ಅವರ ಲೆಕ್ಕಾಚಾರವನ್ನು ಇಂದು ಯಾರೂ ಒಪ್ಪಲಾರರು. ಆದರೆ ವೃದ್ಧರನ್ನು ‘ವಯಸ್ಸಾಯಿತು’ ಎಂದು ಮೂಲೆಗೆ ಕೂರಿಸದೆ ಅವರ ಊಟ, ವ್ಯಾಯಾಮಗಳ ಬಗ್ಗೆ ಯೋಚಿಸಿದರಲ್ಲ, ಅದು ಸಣ್ಣ ಸಂಗತಿಯಲ್ಲ.

ಆಧುನಿಕ ಚರಿತ್ರೆ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಆರಂಭವಾಗುತ್ತದೆ. ಅಲ್ಲಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟ್ ಡೇಟರ್ ಎಂಬ ಮಹಿಳೆಯನ್ನು ಕರೆತಂದರು. ಹೆಸರು ಬರೆಯಲು ಹೇಳಿದರೆ ಆಕೆ ಮಧ್ಯದಲ್ಲೇ ಮರೆತುಬಿಡುತ್ತಿದ್ದರು. 1906ರಲ್ಲಿ ಆಕೆ ತೀರಿಕೊಂಡಾಗ ಡಾ. ಆಲ್‌ಝೈಮರ್ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲೆಗಳನ್ನೂ ಗಂಟುಗಳನ್ನೂ ಗುರುತಿಸಿದರು. 1910ರಲ್ಲಿ ಕಾಯಿಲೆಗೆ ಅವರ ಹೆಸರೇ ಬಂತು. ಆಕೆ ಆಸ್ಪತ್ರೆಗೆ ಬಂದಾಗ ವಯಸ್ಸು 51. ಹಾಗಾಗಿ ಇದು ನಡುವಯಸ್ಸಿನವರ ಅಪರೂಪದ ಕಾಯಿಲೆ, ಮುದುಕರ ಮರೆವು ಬರೀ ಮುಪ್ಪು ಎಂಬ ತಿಳಿವಳಿಕೆ ಉಳಿದುಬಿಟ್ಟಿತು. ಎರಡೂ ಒಂದೇ ಎಂದು ಅಮೆರಿಕದ ವೈದ್ಯ ರಾಬರ್ಟ್ ಕಾಟ್ಸ್‌ಮನ್ ವಾದಿಸಿದ್ದು 1976ರಲ್ಲಿ. ಎಪ್ಪತ್ತು ವರ್ಷ ವಿಜ್ಞಾನವೂ ನಮ್ಮ ಗಾದೆಯನ್ನೇ ನಂಬಿತ್ತು ಎನ್ನಬಹುದು.

ತಡೆಯುವ ಮಾತು ಆಮೇಲಿನದು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಕಥೆ. ಡೇವಿಡ್ ಸ್ನೋಡನ್ ಎಂಬ ಸಂಶೋಧಕರು 1986ರಲ್ಲಿ ಆರಂಭಿಸಿದ ಅಧ್ಯಯನಕ್ಕೆ 75 ದಾಟಿದ 678 ಸಿಸ್ಟರುಗಳು ಸೇರಿ, ಮರಣದ ನಂತರ ಮಿದುಳನ್ನು ದಾನ ಮಾಡಲು ಒಪ್ಪಿದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಬಗೆಯ ಊಟ, ವಸತಿ, ಚಿಕಿತ್ಸೆ. ಹಾಗಿದ್ದೂ ಕೆಲವರಿಗೆ ಮರೆವು ಬಂತು, ಕೆಲವರಿಗೆ ಬರಲಿಲ್ಲ. ಸಿಸ್ಟರ್ ಮೇರಿ ಎಂಬವರು 84ರ ವರೆಗೂ ಶಾಲೆಯ ಕೆಲಸ ಬಿಡಲಿಲ್ಲ. 101ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಮಿದುಳಿನಲ್ಲಿ ರೋಗದ ಗುರುತುಗಳು ಧಾರಾಳವಾಗಿದ್ದವು. ಬದುಕಿದ್ದಾಗ ಮಾತ್ರ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ! ಇನ್ನೊಂದು ಸಂಗತಿ: ಸುಮಾರು 22ರ ಪ್ರಾಯದಲ್ಲಿ ಈ ಸಿಸ್ಟರುಗಳು ತಮ್ಮ ಬಗ್ಗೆ ಒಂದೊಂದು ಪುಟ ಬರೆದುಕೊಟ್ಟಿದ್ದರು. ಅದರಲ್ಲಿ ವಿಚಾರ ತುಂಬಿದ ವಾಕ್ಯ ಬರೆದವರಿಗೆ ಆರು ದಶಕಗಳ ನಂತರ ಕಾಯಿಲೆ ಕಡಿಮೆಯಿತ್ತು. ಮಿದುಳಿನಲ್ಲಿ ಸಣ್ಣಪುಟ್ಟ ಪಾರ್ಶ್ವವಾಯುವಿನ ಗುರುತೂ ಇದ್ದವರಲ್ಲಿ ಮರೆವು ಬಹಳ ಹೆಚ್ಚು. ಅಂದರೆ ರಕ್ತದೊತ್ತಡ ಬರೀ ಹೃದಯದ ಪ್ರಶ್ನೆಯಲ್ಲ.

ಎರಡನೆಯ ಕಥೆ ನಮ್ಮ ನೆರೆಯದು. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿದರು. ತೆಲುಗು, ದಖನಿ, ಹಿಂದಿ ಹೀಗೆ ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಬಂದಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಅಕ್ಷರ ಬಾರದವರಲ್ಲೂ ಈ ಅಂತರವಿತ್ತು. ಮನೆಯೊಳಗೆ ದಖನಿ, ಹಾಲಿನವನೊಡನೆ ಕನ್ನಡ ಮಾತಾಡುತ್ತಿದ್ದ ನನ್ನ ನಾನಿ ನೆನಪಾದರು. ಹೆಬ್ಬೆಟ್ಟು ಒತ್ತುವವರು, ಆದರೆ ಇಡೀ ಮನೆಯ ಲೆಕ್ಕ ಬಾಯಲ್ಲೇ. ವಯಸ್ಸಾಯಿತೆಂದು ನಾವು ಬೀಗದ ಕೈಗೊಂಚಲು ತೆಗೆದುಕೊಂಡೆವು. “ನೀವು ಆರಾಮಾಗಿ ಕೂತ್ಕೊಳ್ಳಿ ನಾನಿಮಾ” ಎಂದೆವು. ಅದು ನಮ್ಮ ಗೌರವ! ಅದರಿಂದಲೇ ಅವರಿಗೆ ಮರೆವು ಬಂತು ಎಂದು ಹೇಳಲಾರೆ. ಕೆಲಸವನ್ನೂ ಮಾತುಕತೆಯನ್ನೂ ಒಟ್ಟಿಗೇ ಕಸಿದೆವು ಎನ್ನುವುದು ಮಾತ್ರ ನಿಜ.

ಜೀವನಕ್ರಮ ಬದಲಿಸಿದರೆ ಪ್ರಯೋಜನವುಂಟೇ ಎಂಬುದನ್ನು ಫಿನ್‌ಲ್ಯಾಂಡಿನವರು ಪರೀಕ್ಷಿಸಿಯೇ ನೋಡಿದರು. 60ರಿಂದ 77 ವಯಸ್ಸಿನ 1260 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಪಥ್ಯದ ಊಟ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿ.ಪಿ.–ಸಕ್ಕರೆಯ ತಪಾಸಣೆ. ಉಳಿದವರಿಗೆ ಬರೀ ಸಲಹೆ. 2015ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಸುಧಾರಣೆ ಶೇ. 25ರಷ್ಟು ಹೆಚ್ಚಿತ್ತು. ಇದು ಪರೀಕ್ಷೆಯ ಅಂಕಗಳ ಮಾತು, ಕಾಯಿಲೆ ಬಾರದೆಂಬ ಖಾತರಿಯಲ್ಲ. ಎಲ್ಲ ಜಾಗ್ರತೆ ವಹಿಸಿದವರಿಗೂ ಬರಬಹುದು. ಬಂದವರನ್ನು ದೂರುವುದು ತಪ್ಪು.

2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನಿವಾರಿಸಿದರೆ ಶೇ. 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಸಿಗರೇಟು, ಸಕ್ಕರೆ ಕಾಯಿಲೆ, ಒಂಟಿತನ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ. ಕನ್ನಡಕ ಹಾಕಲು ನಾಚದ ನಾವು ಕಿವಿಯ ಯಂತ್ರಕ್ಕೆ ಏಕೆ ನಾಚುತ್ತೇವೋ! ಆದರೆ ವಯಸ್ಸಿನ ಕ್ರಮದಲ್ಲಿ ಆ ಪಟ್ಟಿಯ ಮೊದಲ ಕಾರಣ ಬಾಲ್ಯದಲ್ಲಿ ಓದು ಸಿಗದಿರುವುದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು.

ಉರ್ದು ಶಾಲೆಯಲ್ಲಿ ನನ್ನ ಜೊತೆಗಿದ್ದ ಎಷ್ಟೋ ಹುಡುಗಿಯರನ್ನು ಏಳನೆಯ ತರಗತಿಗೇ ಬಿಡಿಸಿದರು. ಅವರಿಗೀಗ ನಲವತ್ತು ದಾಟಿದೆ. ಬಿ.ಪಿ. ನೋಡಿಸಿಕೊಳ್ಳಬೇಕಾದ, ದಿನಾ ನಡೆಯಬೇಕಾದ ವಯಸ್ಸು. ಸಂಜೆ ಒಂದು ಗಂಟೆ ನಡೆಯಲು ಹೊರಟರೆ “ಎಲ್ಲಿಗೆ?” ಎಂದು ಮನೆಯಲ್ಲಿ ಈಗಲೂ ಕೇಳುತ್ತಾರಂತೆ.