ಗಣಕಭಾಷೆಗಳಲ್ಲಿ ತ್ಯಾಜ್ಯಸಂಗ್ರಹ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರದ ಸ್ಮರಣಕೋಶದಲ್ಲಿ ಬಳಕೆ ತೀರಿದ ಸ್ಥಳವನ್ನು ಯಂತ್ರವೇ ಗುರುತಿಸಿ ಮರಳಿ ಪಡೆಯುವ ಕ್ರಮಕ್ಕೆ 'ಗಾರ್ಬೇಜ್ ಕಲೆಕ್ಷನ್' ಎಂದು ಹೆಸರು. ಇದಕ್ಕೆ ಎರಡು ಮುಖ್ಯ ಮಾರ್ಗಗಳುಂಟು. ಒಂದು ಹಳೆಯದು, ಇನ್ನೊಂದು ಅದನ್ನು ಹಿಂದಕ್ಕೆ ತಳ್ಳಿ ಬಂದ ಹೊಸದು ಎಂದು ಭಾವಿಸುವವರಿದ್ದಾರೆ. ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲಲಾರದು.

ಎರಡೂ 1960ರಲ್ಲಿಯೇ ಪ್ರಕಟವಾದವು. ಲಿಸ್ಪ್ ಭಾಷೆಯ ಕರ್ತೃ ಜಾನ್ ಮೆಕಾರ್ಥಿಯವರು ಆ ವರ್ಷದ ಏಪ್ರಿಲ್‌ನ ಲೇಖನದಲ್ಲಿ, ಸ್ಥಳ ತೀರಿದಾಗ ಬಳಕೆಯಲ್ಲಿರುವುದಕ್ಕೆಲ್ಲ ಗುರುತು ಹಾಕಿ, ಗುರುತಿಲ್ಲದುದನ್ನು ಹಿಂಪಡೆಯುವ ವಿಧಾನವನ್ನು ವರ್ಣಿಸಿದರು. ಐ.ಬಿ.ಎಂ. 704 ಯಂತ್ರದಲ್ಲಿ ಇದಕ್ಕೆ ಹಲವು ಸೆಕೆಂಡುಗಳೇ ಹಿಡಿಯುತ್ತಿದ್ದವು. (ಪ್ರಸಿದ್ಧವಾದ ಹೆಸರು ಮಾತ್ರ ಆ ಲೇಖನದಲ್ಲಿಲ್ಲ, ಆಗಲೇ ರೂಢಿಯಲ್ಲಿದ್ದ ಮಾತನ್ನು ಅಚ್ಚಿಗೆ ಕೊಡಲು ಅಂಜಿದ್ದಿರಬೇಕೆಂದು ಮೆಕಾರ್ಥಿಯವರೇ ಮುಂದೆ ಹೇಳಿಕೊಂಡಿದ್ದಾರೆ.) ಅದೇ ಡಿಸೆಂಬರಿನಲ್ಲಿ ಜಾರ್ಜ್ ಕಾಲಿನ್ಸರು, ಒಂದೊಂದು ವಸ್ತುವನ್ನು ಎಷ್ಟು ಕಡೆಯಿಂದ ಉಲ್ಲೇಖಿಸಲಾಗಿದೆಯೆಂದು ಎಣಿಸಿ, ಎಣಿಕೆ ಸೊನ್ನೆಗಿಳಿದೊಡನೆ ಬಿಡುಗಡೆ ಮಾಡುವ ಮಾರ್ಗವನ್ನು ಮಂಡಿಸಿದರು. ಆದರೆ ಎರಡು ವಸ್ತುಗಳು ಒಂದನ್ನೊಂದು ಉಲ್ಲೇಖಿಸುತ್ತ ಚಕ್ರವಾದರೆ, ಹೊರಗೆ ಯಾರಿಗೂ ಬೇಡವಾದರೂ ಎಣಿಕೆ ಸೊನ್ನೆಯಾಗದು. ಈ ದೋಷವನ್ನು ಮೆಕ್‌ಬೆತ್ 1963ರಲ್ಲಿಯೇ ತೋರಿಸಿಕೊಟ್ಟರು.

ದೋಷ ತಿಳಿದ ಮೇಲೂ ಎಣಿಕೆಯ ಮಾರ್ಗ ಅಳಿಯಲಿಲ್ಲ. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯ ಇಂಟರ್‌ಪ್ರಿಟರ್ ಅದನ್ನೇ ಅವಲಂಬಿಸಿತು, 2000ದ 2.0 ಆವೃತ್ತಿಯಲ್ಲಿ ಚಕ್ರಗಳನ್ನು ಹುಡುಕುವ ಸಂಗ್ರಾಹಕವು ಅದರ ಜೊತೆಗೂಡಿತು. ನಿಜವಾದ ತೊಡಕು ಇಲ್ಲಿದೆ. ವಸ್ತುವಿನ ಅಂತ್ಯಕಾಲದಲ್ಲಿ ನಡೆಯತಕ್ಕ ವಿಧಿಯೊಂದನ್ನು, ತೆರೆದ ಕಡತವನ್ನು ಮುಚ್ಚುವುದೇ ಮೊದಲಾದುದನ್ನು, ಈ ಭಾಷೆಯಲ್ಲಿ ಬರೆದಿಡಬಹುದು. ಚಕ್ರದಲ್ಲಿರುವ ಎರಡಕ್ಕೂ ಇಂಥ ವಿಧಿಯಿದ್ದರೆ ಯಾವುದನ್ನು ಮೊದಲು ಅಳಿಸುವುದು? ಒಂದು ಅಳಿದ ಮೇಲೆ ಮತ್ತೊಂದರ ವಿಧಿಯು ಆ ಅಳಿದುದನ್ನೇ ಮುಟ್ಟೀತು. ವಿಧಿಯ ನಡುವೆ ವಸ್ತುವು ತನ್ನ ಉಲ್ಲೇಖವನ್ನು ಹೊರಗಿರಿಸಿ ಮರುಹುಟ್ಟು ಪಡೆಯಲೂಬಹುದು. ಸಂಗ್ರಾಹಕವು ಊಹೆಗೆ ಕೈಹಾಕದೆ ಅಂಥವನ್ನು ಪ್ರತ್ಯೇಕ ಪಟ್ಟಿಯಲ್ಲಿ ಸೇರಿಸಿ ಬಿಟ್ಟುಬಿಡುತ್ತಿತ್ತು. ಬಹುಕಾಲ ಓಡುವ ಕಾರ್ಯಕ್ರಮಗಳಲ್ಲಿ ಇದರಿಂದ ಸ್ಥಳನಷ್ಟವಾಗುತ್ತಿದ್ದುದು ದಿಟ. ಆದರೂ ನಮಗೆ ಇದು ಅಸಾಮರ್ಥ್ಯವಲ್ಲ, ವಿವೇಕವೆಂದೇ ತೋರುತ್ತದೆ: ಸ್ಥಳನಷ್ಟವನ್ನು ಸಹಿಸಬಹುದು, ಇನ್ನೂ ಬೇಕಾದುದು ಅಳಿದರೆ ಲೆಕ್ಕವೇ ಕೆಡುತ್ತದೆ.

2013ರಲ್ಲಿ ಆಂಟ್ವಾನ್ ಪಿತ್ರೂ ಸೂಚಿಸಿದ ಪರಿಹಾರವು 2014ರ 3.4 ಆವೃತ್ತಿಯಲ್ಲಿ ಜಾರಿಗೆ ಬಂದಿತು. ಅದರಂತೆ ಚಕ್ರದ ವಸ್ತುಗಳೆಲ್ಲ ಅಖಂಡವಾಗಿರುವಾಗಲೇ ಅವುಗಳ ವಿಧಿಗಳನ್ನು ಒಂದೊಂದೇ ಬಾರಿ ನಡೆಸಿ, ಯಾವುದಾದರೂ ಮರುಹುಟ್ಟು ಪಡೆಯಿತೇ ಎಂದು ಮತ್ತೆ ಪರೀಕ್ಷಿಸಿ, ಬಳಿಕವೇ ಕೊಂಡಿಗಳನ್ನು ಕಳಚಲಾಗುತ್ತದೆ. ವಿಧಿಗಳು ಯಾವ ಅನುಕ್ರಮದಲ್ಲಿ ನಡೆಯಬೇಕೆಂಬುದನ್ನು ಮಾತ್ರ ಆ ಪರಿಹಾರವೂ ಗೊತ್ತುಪಡಿಸಲಿಲ್ಲ.