ಬಹುಹಂತದ ಪೊರೆ ಶೋಧನೆ

ದ್ರವ ಅಥವಾ ಅನಿಲಗಳ ಮಿಶ್ರಣವನ್ನು ಒಂದರ ಮುಂದೊಂದು ಜೋಡಿಸಿದ ಪೊರೆಗಳ ಮೂಲಕ ಒತ್ತಡದಲ್ಲಿ ಹಾಯಿಸಿ ಘಟಕಗಳನ್ನು ಬೇರ್ಪಡಿಸುವ ಕೈಗಾರಿಕಾ ವಿಧಾನ. ಪೊರೆಯನ್ನು ದಾಟಿದ ಭಾಗ ಪರ್ಮಿಯೇಟ್, ದಾಟದೆ ಉಳಿದದ್ದು ರಿಟೆಂಟೇಟ್. ಬಟ್ಟಿ ಇಳಿಸುವಂತೆ ಮಿಶ್ರಣವನ್ನು ಕುದಿಸಬೇಕಾಗಿಲ್ಲ. ಬಿಸಿಗೆ ಕೆಡುವ ಪದಾರ್ಥಗಳಿಗೆ ಇದರಿಂದ ದೊಡ್ಡ ಅನುಕೂಲ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರಾದ ಲೋಬ್ ಮತ್ತು ಭಾರತ ಮೂಲದ ಸೌರಿರಾಜನ್, ಮೇಲೆ ಅತಿ ತೆಳುವಾದ ಪದರವೂ ಅಡಿಯಲ್ಲಿ ರಂಧ್ರಮಯ ಆಧಾರವೂ ಇರುವ ಸೆಲ್ಯುಲೋಸ್ ಅಸಿಟೇಟ್ ಪೊರೆಯನ್ನು ರೂಪಿಸಿದ ಮೇಲೆ ಈ ವಿಧಾನ ಕಾರ್ಖಾನೆಗಳಲ್ಲಿ ನೆಲೆಯೂರಿತು.

ಯಾವ ಪೊರೆಯೂ ಒಂದನ್ನು ಪೂರ್ತಿ ತಡೆದು ಇನ್ನೊಂದನ್ನು ಪೂರ್ತಿ ಬಿಡುವುದಿಲ್ಲ. ಹಂತಗಳು ಬೇಕಾಗುವುದೇ ಅದಕ್ಕಾಗಿ. ಪರ್ಮಿಯೇಟನ್ನು ಮತ್ತೆ ಸೋಸಿದರೆ ಅದರ ಶುದ್ಧತೆ ಹೆಚ್ಚುತ್ತದೆ. ರಿಟೆಂಟೇಟನ್ನು ಮತ್ತೆ ಸೋಸಿದರೆ ಅದರಲ್ಲಿ ಸಿಕ್ಕಿಬಿದ್ದ ಪದಾರ್ಥ ಕೈಗೆ ಬರುತ್ತದೆ. ನೈಸರ್ಗಿಕ ಅನಿಲದಿಂದ ಇಂಗಾಲದ ಡೈಆಕ್ಸೈಡ್ ತೆಗೆಯುವ ಘಟಕವನ್ನೇ ನೋಡಬಹುದು. ಡೈಆಕ್ಸೈಡ್ ಪೊರೆಯನ್ನು ಬೇಗ ದಾಟುತ್ತದೆ, ಮೀಥೇನ್ ಬಹುಪಾಲು ಹಿಂದೆಯೇ ಉಳಿಯುತ್ತದೆ. ಆದರೂ ಒಂದಿಷ್ಟು ಮೀಥೇನ್ ಜೊತೆಗೇ ಸೋರಿಹೋಗುತ್ತದೆ. ಈ ಪರ್ಮಿಯೇಟಿನ ಒತ್ತಡ ಇಳಿದಿರುತ್ತದೆ; ಕಂಪ್ರೆಸರ್‌ನಿಂದ ಅದನ್ನು ಮತ್ತೆ ಏರಿಸಿ ಎರಡನೆಯ ಪೊರೆಗೆ ಕಳಿಸುತ್ತಾರೆ. ಅಲ್ಲಿ ಉಳಿದ ಮೀಥೇನ್ ಮೊದಲ ಹಂತದ ಬಾಯಿಗೇ ಮರಳುತ್ತದೆ. ಹೀಗೆ ಹಿಂದಕ್ಕೂ ಮುಂದಕ್ಕೂ ಹರಿಯುವ ಜೋಡಣೆಗೆ ಕ್ಯಾಸ್ಕೇಡ್ ಎಂದು ಹೆಸರು.

ಹಂತಹಂತಕ್ಕೆ ಬೇರೆ ಬೇರೆ ಪೊರೆ ಬಳಸುವುದೂ ಉಂಟು. ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲೊಡಕಿನಿಂದ ಮೈಕ್ರೋಫಿಲ್ಟ್ರೇಶನ್ ಬ್ಯಾಕ್ಟೀರಿಯಾ ಮತ್ತು ಕೊಬ್ಬಿನ ಕಣಗಳನ್ನು ತೆಗೆಯುತ್ತದೆ. ಅಲ್ಟ್ರಾಫಿಲ್ಟ್ರೇಶನ್ ಪ್ರೋಟೀನನ್ನು ಹಿಡಿಯುತ್ತದೆ. ನ್ಯಾನೋಫಿಲ್ಟ್ರೇಶನ್ ಲ್ಯಾಕ್ಟೋಸನ್ನು ತಡೆದು ಉಪ್ಪಿನ ಒಂದು ಭಾಗವನ್ನು ಹೊರಬಿಡುತ್ತದೆ. ಕೊನೆಗೆ ರಿವರ್ಸ್ ಆಸ್ಮೋಸಿಸ್‌ನಿಂದ ನೀರು ಸಿಗುತ್ತದೆ. ಪ್ರೋಟೀನ್ ಪೊರೆಗೆ ಅಂಟಿ ಗಸಿ ಕಟ್ಟುವುದು ಇಲ್ಲಿನ ನಿತ್ಯದ ತೊಂದರೆ. ದ್ರವವನ್ನು ಪೊರೆಯ ಮೇಲ್ಮೈಗೆ ಸಮಾನಾಂತರವಾಗಿ ರಭಸದಿಂದ ಹರಿಸಿದರೆ ಅದು ತಗ್ಗುತ್ತದೆ, ನಿಲ್ಲುವುದಿಲ್ಲ. ಆಗಾಗ ಕ್ಷಾರ, ಆಮ್ಲಗಳಿಂದ ತೊಳೆಯಲೇಬೇಕು.

ಈ ತತ್ತ್ವವನ್ನು ಅದರ ಕೊನೆಯ ಎಲ್ಲೆಯವರೆಗೆ ಒಯ್ದದ್ದು ಯುರೇನಿಯಂ ಸಂವರ್ಧನೆ, ಎಂದರೆ ಯುರೇನಿಯಂನಲ್ಲಿ 235 ಐಸೋಟೋಪಿನ ಪಾಲನ್ನು ಹೆಚ್ಚಿಸುವ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಇದಕ್ಕಾಗಿ ಕೆ-25 ಸ್ಥಾವರ ಕಟ್ಟಿದರು. ಅಲ್ಲಿ ಪೊರೆಗಳ ಮೂಲಕ ಹಾಯಿಸುವ ಯುರೇನಿಯಂ ಹೆಕ್ಸಾಫ್ಲೋರೈಡ್ ಲೋಹವನ್ನು ಕೊರೆಯುವ ಅನಿಲವಾದ್ದರಿಂದ ಪೊರೆಗಳಿಗೆ ನಿಕ್ಕಲ್ ಬಳಸಿದರು. ಯುರೇನಿಯಂ-235 ಇರುವ ಅಣುವಿನ ತೂಕ 349, 238 ಇರುವುದರದು 352. ಇಷ್ಟು ಸಣ್ಣ ಅಂತರದಿಂದ ಒಂದು ಹಂತದಲ್ಲಿ ಹೆಚ್ಚೆಂದರೆ 1.0043 ಪಟ್ಟು ಪ್ರತ್ಯೇಕತೆ ದಕ್ಕುತ್ತದೆ. ನಿಸರ್ಗದಲ್ಲಿ ಶೇ. 0.7ರಷ್ಟಿರುವ 235ನ್ನು ವಿದ್ಯುತ್ ರಿಯಾಕ್ಟರ್‌ಗೆ ಬೇಕಾದ ಶೇ. 3ರಿಂದ 5ಕ್ಕೆ ಏರಿಸಲು ಸಾವಿರಕ್ಕೂ ಹೆಚ್ಚು ಹಂತಗಳು ಬೇಕಾದವು, ಪ್ರತಿ ಹಂತದಲ್ಲೂ ಅನಿಲವನ್ನು ಮತ್ತೆ ಒತ್ತಬೇಕಾಯಿತು.

ಹಂತ ಹೆಚ್ಚಿದಂತೆ ಶುದ್ಧತೆ ಏರುತ್ತದೆ, ವಿದ್ಯುತ್ ಬಿಲ್ಲೂ ಏರುತ್ತದೆ. ಯುರೇನಿಯಂ ಸಂವರ್ಧನೆಯ ಇದೇ ಕೆಲಸಕ್ಕೆ ಸೆಂಟ್ರಿಫ್ಯೂಜ್ ಯಂತ್ರಗಳಿಗೆ ಸುಮಾರು ಐವತ್ತರಲ್ಲಿ ಒಂದು ಪಾಲು ವಿದ್ಯುತ್ ಸಾಕು. ಹೀಗೆ ಪೊರೆಗಳ ಮೂಲಕ ಸಂವರ್ಧಿಸುವ ಅಮೆರಿಕದ ಕೊನೆಯ ಅನಿಲ ವಿಸರಣ ಸ್ಥಾವರವಾದ ಕೆಂಟಕಿಯ ಪಡೂಕಾ 2013ರಲ್ಲಿ ಸಂವರ್ಧನೆ ನಿಲ್ಲಿಸಿತು.