ಅಪರಾಧ ಪ್ರಕರಣಗಳಲ್ಲಿ ಸ್ವತಂತ್ರ ಸಾಕ್ಷಿ: ಪಂಚರ ಮಾತಿಗೇಕೆ ಅಷ್ಟು ತೂಕ?

ಆರೋಪಿಯ ಮನೆಯಲ್ಲಿ ರಕ್ತದ ಕಲೆಯಿದ್ದ ಚಾಕು ಸಿಕ್ಕಿತು ಎನ್ನುತ್ತಾರೆ ತನಿಖಾಧಿಕಾರಿ. ಪೊಲೀಸರೇ ಅದನ್ನು ತಂದಿಟ್ಟರು ಎನ್ನುತ್ತಾರೆ ಆರೋಪಿಯ ವಕೀಲರು. ಇಂಥ ಕಡೆ ಎರಡೂ ಪಕ್ಷಕ್ಕೆ ಸೇರದ ಒಬ್ಬರು ಕಣ್ಣಾರೆ ಕಂಡದ್ದನ್ನು ಹೇಳಿದರೆ ಅದಕ್ಕೆ ಬೇರೆಯೇ ಬೆಲೆ.

ಯಾರು ಸ್ವತಂತ್ರ ಸಾಕ್ಷಿ?

ಪ್ರಕರಣದ ಸೋಲು ಗೆಲುವಿನಲ್ಲಿ ಸ್ವಂತ ಲಾಭ ಇಲ್ಲದವರು, ಆರೋಪಿಯೊಂದಿಗೆ ಹಗೆತನ ಇಲ್ಲದವರು ಸ್ವತಂತ್ರ ಸಾಕ್ಷಿಗಳು. ಸಂತ್ರಸ್ತರ ನೆಂಟರು ಎಂಬ ಒಂದೇ ಕಾರಣಕ್ಕೆ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯ ಮೇಲೆ ಹೊರಿಸಲು ಹತ್ತಿರದ ಬಂಧುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1953ರಲ್ಲೇ ದಲೀಪ್ ಸಿಂಗ್ ಪ್ರಕರಣದಲ್ಲಿ ವಿವರಿಸಿದೆ.

ಕಾನೂನಿನ ಕಟ್ಟಳೆ

ಸ್ಥಳ ಶೋಧಕ್ಕೆ ಮುನ್ನ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಾನ್ವಿತ ನಿವಾಸಿಗಳನ್ನು ಕರೆಯಬೇಕು. ಅಂಥವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಪ್ರದೇಶದವರನ್ನು ಕರೆಯಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಂನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂನಲ್ಲಿ ಮುಂದುವರಿದಿದೆ. ಹೀಗೆ ಕರೆಸಿದ ಸಾಕ್ಷಿಗಳೇ ಪಂಚರು. ಶೋಧ ಅವರ ಎದುರಿನಲ್ಲೇ ನಡೆಯಬೇಕು. ಜಪ್ತಾದ ವಸ್ತುಗಳ ಪಟ್ಟಿಗೆ ಅವರು ಸಹಿ ಹಾಕಬೇಕು. ಲಿಖಿತ ಆದೇಶ ಕೊಟ್ಟರೂ ಸಕಾರಣವಿಲ್ಲದೆ ಬರಲೊಪ್ಪದಿರುವುದು ಅಪರಾಧ.

ಪಂಚನಾಮೆಯ ಮಹತ್ವ

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಆದರೆ ಬಂಧನದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಆಯುಧವೋ ಕದ್ದ ಒಡವೆಯೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಹೇಳಿಕೆ ಸಾಕ್ಷ್ಯವಾಗುತ್ತದೆ. ಹೀಗಾಗಿ ವಸ್ತು ಎಲ್ಲಿ, ಯಾರು ತೋರಿಸಿದ ಮೇಲೆ ಸಿಕ್ಕಿತು ಎಂಬುದೇ ಹಲವು ಪ್ರಕರಣಗಳ ಬೆನ್ನೆಲುಬು. ಅದನ್ನು ಪಂಚರ ಎದುರು ಬರೆದಿಡುವ ದಾಖಲೆಯೇ ಪಂಚನಾಮೆ. ಪಂಚರ ಹಾಜರಿ ನಿರಪರಾಧಿಯನ್ನು ಕೃತಕ ಸಾಕ್ಷ್ಯದಿಂದ ಕಾಯುತ್ತದೆ. ಪ್ರಾಮಾಣಿಕ ಅಧಿಕಾರಿಯನ್ನು ಸುಳ್ಳು ಆಪಾದನೆಯಿಂದಲೂ ಕಾಯುತ್ತದೆ.

ಸ್ವತಂತ್ರ ಸಾಕ್ಷಿ ಇಲ್ಲದಿದ್ದರೆ?

ಅದೊಂದರಿಂದಲೇ ಪ್ರಕರಣ ಬಿದ್ದುಹೋಗುವುದಿಲ್ಲ. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಸಾಕ್ಷ್ಯ ಕಾನೂನು ಹೇಳುವುದಿಲ್ಲ. ಸಂಪೂರ್ಣ ನಂಬಲರ್ಹವಾದ ಒಬ್ಬರ ಸಾಕ್ಷ್ಯವೇ ಶಿಕ್ಷೆಗೆ ಆಧಾರವಾಗಬಹುದು ಎಂದು 1957ರ ವಡಿವೇಲು ತೇವರ್ ತೀರ್ಪು ಹೇಳಿದೆ. ಶೋಧದ ನಿಯಮ ಮೀರಿದ ಮಾತ್ರಕ್ಕೆ ವಿಚಾರಣೆ ರದ್ದಾಗದು, ಆದರೆ ಸಾಕ್ಷ್ಯವನ್ನು ತೂಗುವಾಗ ಆ ಲೋಪವನ್ನು ಗಮನಿಸಬೇಕು ಎಂದು 1994ರ ಬಲ್ಬೀರ್ ಸಿಂಗ್ ತೀರ್ಪು ತಿಳಿಸಿದೆ. ಸಾಕ್ಷಿಗಳು ಸಿಗುವಂತಿದ್ದರೂ ಯಾರನ್ನೂ ಕರೆಯದಿದ್ದರೆ ಅನುಮಾನ ಹುಟ್ಟುವುದು ಸಹಜ.

ತಿರುಗಿ ಬೀಳುವ ಸಾಕ್ಷಿಗಳು

ಬೆದರಿಕೆ, ಆಮಿಷ, ವರ್ಷಗಟ್ಟಲೆ ಎಳೆಯುವ ವಿಚಾರಣೆ, ಪದೇ ಪದೇ ಕೋರ್ಟಿಗೆ ಅಲೆದಾಟ: ಇವುಗಳಿಂದ ಸಾಕ್ಷಿಗಳು ಪ್ರತಿಕೂಲರಾಗುತ್ತಾರೆ. ಠಾಣೆಯಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡ ಪಂಚನಾಮೆಯಂತೂ ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ. ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಒಪ್ಪಿಗೆ ನೀಡಿತು. ಹೊಸ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆನ್ನುತ್ತದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದು 105ನೇ ಕಲಂ ವಿಧಿಸಿದೆ.

ನಾಗರಿಕರ ಹೊಣೆ

ಪಂಚರಾಗಿ ಕರೆ ಬಂದರೆ ಹಿಂಜರಿಯಬೇಡಿ. ಎಲ್ಲವನ್ನೂ ಕಣ್ಣಾರೆ ನೋಡಿ, ಬರೆದದ್ದನ್ನು ಪೂರ್ತಿ ಓದಿ, ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. ಖಾಲಿ ಹಾಳೆಗೆ ಎಂದಿಗೂ ಸಹಿ ಹಾಕಬೇಡಿ. ಸಮನ್ಸ್ ಬಂದಾಗ ನ್ಯಾಯಾಲಯಕ್ಕೆ ಹೋಗಿ, ಕಂಡಷ್ಟನ್ನೇ ಹೇಳಿ.